ಭಟ್ಟಿಗೆ ಹೋದ 12 ಬಿಲ್ಲೆಯಲ್ಲಿ 9 ಸೀಳು. ಅಲ್ಯೂಮಿನಾ ಪುಡಿ ಒತ್ತಿ ಗೊತ್ತಿರುವವರು ಯಾರಾದರೂ ಇದ್ದೀರಾ?

ಬಿಲ್ಲೆಹುಡುಗ
ನಮಸ್ಕಾರ. ದಾವಣಗೆರೆಯಲ್ಲಿ ಎಂ.ಟೆಕ್ ಕೊನೆ ವರ್ಷ. ಪ್ರಾಜೆಕ್ಟ್ ಅಲ್ಯೂಮಿನಾ, ಅಂದರೆ ಅಲ್ಯೂಮಿನಿಯಂ ಆಕ್ಸೈಡ್ ಅನ್ನುವ ಸೆರಾಮಿಕ್ ಮೇಲೆ. ಪುಡಿಯನ್ನು ಡೈಗೆ (ಉಕ್ಕಿನ ಅಚ್ಚಿಗೆ) ತುಂಬಬೇಕು, ಹೈಡ್ರಾಲಿಕ್ ಪ್ರೆಸ್‌ನಲ್ಲಿ ಒತ್ತಬೇಕು, ಬಿಲ್ಲೆ ತೆಗೆದು ಸುಡಬೇಕು. ಬಿಲ್ಲೆ 20 ಎಂಎಂ ಅಗಲ, ಸುಮಾರು 5 ಎಂಎಂ ದಪ್ಪ. ಹೇಳೋಕೆ ಇಷ್ಟೇ ಕೆಲಸ. ಮೂರು ತಿಂಗಳು ಹೋಯಿತು.

ನಮ್ಮ ಲ್ಯಾಬಿನ ಫರ್ನೇಸ್ 1200 ಡಿಗ್ರಿ ದಾಟುವುದಿಲ್ಲ. ಅದರಲ್ಲಿ ಸುಟ್ಟರೆ ಅಲ್ಯೂಮಿನಾ ಚಾಕ್‌ಪೀಸ್ ಥರವೇ ಉಳಿಯುತ್ತೆ. 1600 ಬೇಕು. ಹಾಗಾಗಿ 12 ಬಿಲ್ಲೆಗಳನ್ನು ಹತ್ತಿಯಲ್ಲಿ ಸುತ್ತಿ, ಪೇಡಾ ಡಬ್ಬದಲ್ಲಿ ಜೋಡಿಸಿ, ಡಬ್ಬವನ್ನು ತೊಡೆ ಮೇಲಿಟ್ಟುಕೊಂಡು ರೈಲಿನಲ್ಲಿ ಬೆಂಗಳೂರಿಗೆ ಹೋದೆ. ಅಲ್ಲಿ ಒಂದು ಖಾಸಗಿ ಲ್ಯಾಬಿನಲ್ಲಿ ದುಡ್ಡು ಕೊಟ್ಟು ಸುಡಿಸಿದೆ. ವಾಪಸ್ ಬಂದದ್ದು 9 ಸೀಳು, 3 ಸರಿ.

ಸೀಳು ಎಲ್ಲದರಲ್ಲೂ ಒಂದೇ ಥರ. ಒಂದು ಕಡೆಯ ಪದರ ಮುಚ್ಚಳದ ಹಾಗೆ ಎದ್ದಿದೆ. ಉಗುರು ಹಾಕಿದರೆ ಕಾವಲಿ ಬಿಟ್ಟ ದೋಸೆ ಥರ ಪೂರ್ತಿ ಬರುತ್ತೆ. ಲ್ಯಾಬಿನವರು "ನಿಮ್ಮ ಸ್ಯಾಂಪಲ್ಲೇ ಸರಿ ಇಲ್ಲ" ಅಂತಾರೆ. ನಮ್ಮ ಗೈಡ್ "ಭಟ್ಟಿಯನ್ನು ಬೇಗ ಬಿಸಿ ಮಾಡಿಬಿಟ್ಟಿದ್ದಾರೆ" ಅಂತಾರೆ. ಇಬ್ಬರ ಮಧ್ಯೆ ಮುಂದಿನ ಬ್ಯಾಚಿನ ದುಡ್ಡು ಮಾತ್ರ ನನ್ನ ಜೇಬಿನದು.

ಮಿರ್ಚಿ ಮಂಡಕ್ಕಿ
ಪೇಡಾ ಡಬ್ಬ ತೊಡೆ ಮೇಲಿಟ್ಟುಕೊಂಡು ಬೆಂಗಳೂರು ತನಕ ಹೋದ್ರೂ ಪಕ್ಕದವರು ಒಂದು ಕೇಳಲಿಲ್ವಾ?

ಬಿಲ್ಲೆಹುಡುಗ
ಅರಸೀಕೆರೆಯಲ್ಲಿ ಒಬ್ಬ ಅಜ್ಜಿ ಕೇಳಿದರು. ತೆಗೆದು ತೋರಿಸಿದೆ. "ಏನೂ ಬ್ಯಾಡ ಕಣಪ್ಪ" ಅಂದರು.

ದುರ್ಗದವನು
ಚಿತ್ರದುರ್ಗದವನು, ಈಗ ಊರಲ್ಲಿಲ್ಲ, ಪುಡಿಯ ಕೆಲಸವೇ ಹೊಟ್ಟೆಪಾಡು. ಮೊದಲು ನಾಲ್ಕು ವಿಷಯ ಹೇಳು. ಎಷ್ಟು ಟನ್ ಒತ್ತಿದೆ? ಅಂಟು ಏನು, ಎಷ್ಟು? ಪುಡಿಗೆ ಅಂಟು ಹೇಗೆ ಬೆರೆಸಿದೆ? ಲ್ಯಾಬಿನವರು ನಿಮಿಷಕ್ಕೆ ಎಷ್ಟು ಡಿಗ್ರಿ ಏರಿಸಿದರು? ಇದಿಲ್ಲದೆ ಯಾರು ಏನು ಹೇಳಿದರೂ ಕಣಿ ಹೇಳಿದ ಹಾಗೆ.

ಬಿಲ್ಲೆಹುಡುಗ
10 ಟನ್. ಅಂಟು ಪಿವಿಎ (ಪಾಲಿವಿನೈಲ್ ಆಲ್ಕೋಹಾಲ್), ನೀರಿನಲ್ಲಿ ಕರಗಿಸಿ ಕಲ್ಲಿನ ಒರಳಿನಲ್ಲಿ ಪುಡಿ ಜೊತೆ ಅರೆದೆ, ಒಣಗಿಸಿದೆ, ಮತ್ತೆ ನುಣ್ಣಗೆ ಅರೆದೆ. ಲ್ಯಾಬಿನವರು ನಿಮಿಷಕ್ಕೆ 5 ಡಿಗ್ರಿ ಅಂದರು.

ಪಿ.ಜೆ. ಬಡಾವಣೆ ಇಂಜಿನಿಯರ್
ಒತ್ತಡ ಸಾಲದು. 15 ಟನ್ ಕೊಡಿ. ಜಾಸ್ತಿ ಒತ್ತಿದಷ್ಟೂ ಗಟ್ಟಿ. ಸಿಂಪಲ್.

ದುರ್ಗದವನು
ಸರ್, ದಯವಿಟ್ಟು ಬೇಡ. ಲೆಕ್ಕ ನೋಡಿ. 20 ಎಂಎಂ ಬಿಲ್ಲೆ ಅಂದರೆ 314 ಚದರ ಎಂಎಂ. ಅದರ ಮೇಲೆ 10 ಟನ್ ಅಂದರೆ ಈಗಾಗಲೇ 310 ಮೆಗಾಪಾಸ್ಕಲ್ ಮೇಲಾಯಿತು. ಇಂಥ ಒಣ ಒತ್ತುವಿಕೆಗೆ 100ರ ಆಸುಪಾಸು ಸಾಕು, ಅಂದರೆ 3 ಟನ್ ಚಿಲ್ಲರೆ. ಕಬ್ಬಿಣದ ಪುಡಿಗೆ 400ರಿಂದ 700 ಕೊಡುತ್ತಾರೆ, ನಿಜ. ಆದರೆ ಕಬ್ಬಿಣದ ಕಣ ಒತ್ತಿದರೆ ಚಪ್ಪಟೆಯಾಗಿ ಪಕ್ಕದ ಕಣವನ್ನು ಕಚ್ಚಿಕೊಳ್ಳುತ್ತೆ. ಅಲ್ಯೂಮಿನಾ ಕಣ ಬಗ್ಗುವ ಜಾತಿಯಲ್ಲ. ಒತ್ತುವಾಗ ಮುದುಡಿ ಕೂತಿರುತ್ತೆ, ಬಿಟ್ಟ ತಕ್ಷಣ ಬೆನ್ನು ನೆಟ್ಟಗೆ ಮಾಡುತ್ತೆ.

ಬಿಲ್ಲೆಹುಡುಗ, ಗೈಡ್ ಮಾತಿನಲ್ಲೂ ಅರ್ಧ ಸತ್ಯವಿದೆ. ಪಿವಿಎ ಸುಟ್ಟುಹೋಗುವವರೆಗೆ, ಅಂದರೆ 500–600 ಡಿಗ್ರಿ ತನಕ, ನಿಮಿಷಕ್ಕೆ 1 ಡಿಗ್ರಿಯಷ್ಟು ನಿಧಾನ ಹೋಗಬೇಕು. 5 ಜಾಸ್ತಿಯೇ. ಆದರೆ ಅಂಟಿನ ಹೊಗೆ ಒಳಗಿಂದ ನುಗ್ಗಿ ಒಡೆದರೆ ಬಿಲ್ಲೆ ಉಬ್ಬುತ್ತೆ, ಇಲ್ಲ ಅಡ್ಡಾದಿಡ್ಡಿ ಬಿರುಕು ಬಿಡುತ್ತೆ. ಒಂಬತ್ತಕ್ಕೆ ಒಂಬತ್ತೂ ಒಂದೇ ಅಳತೆಯ ಮುಚ್ಚಳ ಎದ್ದಿದೆ ಅಂದರೆ ನನಗೆ ಭಟ್ಟಿ ಮೇಲೆ ಅನುಮಾನ ಇಲ್ಲ. ಅದು ಪ್ರೆಸ್‌ನಲ್ಲೇ ಹುಟ್ಟಿದ ಸೀಳು. ಭಟ್ಟಿಯಲ್ಲಿ ಬಾಯಿ ಬಿಟ್ಟಿದೆ, ಅಷ್ಟೇ.

ಹರಿಹರದ ಟರ್ನರ್
ದುರ್ಗದವರು ಹೇಳಿದ್ದು ಸರಿ. ನಾನು ಸೆರಾಮಿಕ್ ಮಾಡಿದವನಲ್ಲ. ಲೇತ್ ಮೇಲೆ ಕಲಿತು, ಆಮೇಲೆ ಬುಷ್ (ತಿರುಗುವ ದಂಡವನ್ನು ಹಿಡಿಯುವ ಬಳೆ) ಮಾಡುವ ಕಡೆ ಹದಿನೆಂಟು ವರ್ಷ ಡೈ ನೋಡಿಕೊಂಡವನು. 90 ಪಾಲು ತಾಮ್ರ, 10 ಪಾಲು ತವರ, ಎರಡರ ಪುಡಿ. ಒತ್ತಿ, 820 ಡಿಗ್ರಿ ಹತ್ತಿರ ಸುಟ್ಟರೆ ಬುಷ್. ಅದರ ಮೈಯಲ್ಲಿ ಐದನೇ ಒಂದು ಭಾಗ ಬರೀ ತೂತು. ಆ ತೂತಿಗೆ ಎಣ್ಣೆ ಕುಡಿಸುತ್ತೇವೆ. ನಿಮ್ಮ ಮನೆ ಟೇಬಲ್ ಫ್ಯಾನ್ ತಿರುಗುವಾಗ ಬುಷ್ ಬಿಸಿಯಾಗಿ ಎಣ್ಣೆ ಆಚೆ ಬರುತ್ತೆ, ನಿಂತು ತಣ್ಣಗಾದರೆ ಒಳಗೆ ಎಳೆದುಕೊಳ್ಳುತ್ತೆ. ಫ್ಯಾನಿಗೆ ವರ್ಷಗಟ್ಟಲೆ ಎಣ್ಣೆ ಬಿಡದೆ ಬದುಕಿದ್ದೀರಿ ಅಂದರೆ ಅದರ ಪುಣ್ಯ.

ಈಗ ತಮ್ಮಾ, ನಿನಗೆ ನನ್ನದು ಮೂರು ಪ್ರಶ್ನೆ. ಡೈ ಯಾರು ಮಾಡಿದ್ದು? ಬಿಲ್ಲೆ ಹೊರಬರುವ ಬಾಯಿ ಕಡೆ ಇಳಿಜಾರು ಕೊಟ್ಟಿದ್ದಾರಾ, ನೇರ ಇದೆಯಾ? ಸೀಳು ಇರುವುದು ಮೊದಲು ಹೊರಬರುವ ಮುಖದ ಕಡೆಯಾ, ಕೊನೆಗೆ ಬರುವ ಕಡೆಯಾ?

ಬಿಲ್ಲೆಹುಡುಗ
ಡೈ ನಮ್ಮ ಇಂಡಸ್ಟ್ರಿಯಲ್ ಏರಿಯಾದಲ್ಲಿ ಒಬ್ಬರ ಶೆಡ್‌ನಲ್ಲಿ ಮಾಡಿಸಿದ್ದು. ನೇರ 20 ಎಂಎಂ ಬೋರ್. ಇಳಿಜಾರು ನಾನು ಕೇಳಲೂ ಇಲ್ಲ, ಅವರು ಕೊಡಲೂ ಇಲ್ಲ. ಯಾವ ಮುಖ ಮೊದಲು ಬಂತು ಅಂತ ಗುರುತು ಹಾಕಿಲ್ಲ ಸರ್. ಒತ್ತಿದ ಮೇಲೆ ಕೆಳಗಿನ ಪಂಚ್ (ಪುಡಿ ಒತ್ತುವ ಉಕ್ಕಿನ ದಿಂಡು) ತೆಗೆದು, ಮೇಲಿನ ಪಂಚ್‌ನಿಂದ ಬಿಲ್ಲೆಯನ್ನು ಕೆಳಗೆ ತಳ್ಳುತ್ತೇನೆ. ಈಗ ನೀವು ಕೇಳಿದ ಮೇಲೆ ನೆನಪಾಯಿತು, ಹೊರಗೆ ಬೀಳುವಾಗ "ಟಕ್" ಅನ್ನುತ್ತೆ. ಸಣ್ಣ ಸದ್ದು.

ಹರಿಹರದ ಟರ್ನರ್
ಆ ಟಕ್ಕೇ ನಿನ್ನ ಕಳ್ಳ.

ಬಿಲ್ಲೆ ಡೈ ಒಳಗೆ ಇರುವಾಗ ಸುತ್ತ ಉಕ್ಕು ಹಿಡಿದುಕೊಂಡಿರುತ್ತೆ. ಹೊರಗೆ ಬಂದ ಭಾಗ ಹಿಗ್ಗುತ್ತೆ. ಎಷ್ಟು? 20 ಎಂಎಂಗೆ 0.1 ಎಂಎಂ ಹಿಗ್ಗಿದರೂ ಸಾಕು. ಅರ್ಧ ಬಿಲ್ಲೆ ಆಚೆ ಬಂದಾಗ ಆಚೆಯದು ದಪ್ಪ, ಒಳಗಿನದು ಸಣ್ಣ. ಬಾಯಿಯ ಅಂಚು ಚೂಪಾಗಿದ್ದರೆ ಅಲ್ಲೇ ಕತ್ತರಿ ಹಾಕಿದ ಹಾಗೆ. ನಾವು ಇದನ್ನು ಕ್ಯಾಪಿಂಗ್ ಅಂತಿದ್ದೆವು. ಕಣ್ಣಿಗೆ ಕಾಣಲ್ಲ.

ಕಾಣಬೇಕು ಅಂದರೆ ಒಂದು ಉಪಾಯ ಇದೆ. ನಾಲ್ಕು ಹೊಸ ಬಿಲ್ಲೆ ಒತ್ತು. ಮೊದಲು ಹೊರಬಂದ ಮುಖಕ್ಕೆ ಪೆನ್ಸಿಲ್‌ನಲ್ಲಿ ಚುಕ್ಕೆ ಇಡು. ಸುಡಬೇಡ. ಅಂಚಿಗೆ ಸುತ್ತ ಸೀಮೆಎಣ್ಣೆ ಸವರು. ನೀರು ಬೇಡ, ನಿನ್ನ ಅಂಟು ಕರಗುತ್ತೆ. ಮೈ ಮೇಲಿನ ಎಣ್ಣೆ ಆರುತ್ತಾ ಬರುತ್ತೆ. ಸೀಳು ಇದ್ದರೆ ಅದರೊಳಗೆ ಕೂತ ಎಣ್ಣೆ ಬೇಗ ಆರಲ್ಲ. ಬಿಳೀ ಬಿಲ್ಲೆಯಲ್ಲಿ ಕೂದಲಿನಂಥ ಕಪ್ಪು ಗೆರೆ ಉಳಿಯುತ್ತೆ. ಬಿಸಿಲಿಗೆ ಓರೆ ಹಿಡಿದು ನೋಡು.

ಮಿರ್ಚಿ ಮಂಡಕ್ಕಿ
ಮಾವ, ಸೀಮೆಎಣ್ಣೆ ಈಗ ಯಾವ ಡಿಪೋದಲ್ಲಿ ಸಿಗುತ್ತೆ? ಅದನ್ನೂ ಹೇಳಿಬಿಡಿ.

ಹರಿಹರದ ಟರ್ನರ್
ಪೇಂಟ್ ಅಂಗಡಿಯಲ್ಲಿ ಟರ್ಪಂಟೈನ್ ಸಿಗುತ್ತೆ. ಅದೂ ಆಗುತ್ತೆ.

ಹಲ್ಲಕ್ಕ
ನಾನು ಇಂಜಿನಿಯರ್ ಅಲ್ಲ, ದಾವಣಗೆರೆಯಲ್ಲೇ ಡೆಂಟಲ್ ಲ್ಯಾಬಿನಲ್ಲಿ ಹಲ್ಲಿನ ಕ್ಯಾಪ್ ಮಾಡುತ್ತೇನೆ. ಕ್ಯಾಪಿಂಗ್ ಅನ್ನೋ ಪದ ನೋಡಿ ಬಂದೆ, ನಮ್ಮದು ಬೇರೆ ಕ್ಯಾಪ್! ಆದರೆ ಓದುತ್ತಾ ಹೋದರೆ ನಮ್ಮ ಕೆಲಸವೇ ಅನಿಸಿತು.

ಜಿರ್ಕೋನಿಯಾ ಅನ್ನುವ ಸೆರಾಮಿಕ್ ನಮಗೆ 98 ಎಂಎಂ ಅಗಲದ ಬಿಳಿ ತಟ್ಟೆಯಾಗಿ ಬರುತ್ತೆ. ಅರ್ಧ ಸುಟ್ಟಿರುತ್ತಾರೆ, ಹಾಗಾಗಿ ಸಲೀಸಾಗಿ ಕೊರೆಯಬಹುದು. ಮೆಷಿನ್ ಹಲ್ಲನ್ನು ಬೇಕಾದ್ದಕ್ಕಿಂತ ಶೇಕಡಾ 20–25ರಷ್ಟು ದೊಡ್ಡದಾಗಿ ಕೊರೆಯುತ್ತೆ. ಎಷ್ಟು ದೊಡ್ಡದು ಅನ್ನುವ ಅಂಕಿ ತಟ್ಟೆಯ ಮೇಲೇ ಬರೆದಿರುತ್ತೆ, ಒಂದೊಂದು ತಟ್ಟೆಗೆ ಒಂದೊಂದು. ಆಗ ಕೈಗೆ ತಗೊಂಡರೆ ಯಾವುದೋ ದೈತ್ಯನ ಹಲ್ಲು. ಗಟ್ಟಿಯಾಗಿ ಹಿಡಿದರೆ ಬೆರಳಲ್ಲೇ ಮುರಿಯುತ್ತೆ. 1500 ಡಿಗ್ರಿ ಹತ್ತಿರ ರಾತ್ರಿಯಿಡೀ ಇಟ್ಟು ಬೆಳಿಗ್ಗೆ ತೆಗೆದರೆ ಕುಗ್ಗಿ ಸರಿಯಾಗಿ ಪೇಷಂಟ್ ಅಳತೆಗೆ ಬಂದು ಕೂತಿರುತ್ತೆ. ಟ್ರೇ ಮೇಲೆ ಬಿಟ್ಟರೆ ಟಣ್ ಅನ್ನುತ್ತೆ. ಹತ್ತು ವರ್ಷ ಆಯಿತು, ಇವತ್ತಿಗೂ ಆ ಸದ್ದು ಕೇಳಿದಾಗ ನನಗೆ ಖುಷಿ.

ತಮ್ಮನಿಗೆ ನನ್ನದೊಂದು ಮಾತು. ನಾವು ಬಣ್ಣದ ನೀರಲ್ಲಿ ಅದ್ದಿದ ಹಲ್ಲನ್ನು ದೀಪದ ಕೆಳಗೆ ಪೂರ್ತಿ ಒಣಗಿಸದೆ ಭಟ್ಟಿಗೆ ಹಾಕುವುದಿಲ್ಲ. ಒಂದು ಸಲ ಅವಸರ ಮಾಡಿದೆ. ಮೂರು ಹಲ್ಲಿನ ಬ್ರಿಡ್ಜ್ ಎರಡು ತುಂಡು. ಆ ಪೇಷಂಟ್ ಮಗಳ ಮದುವೆ ಮುಂದಿನ ವಾರ ಇತ್ತು. ಅವರು ಫೋಟೊದಲ್ಲೆಲ್ಲ ಬಾಯಿ ಮುಚ್ಚಿಕೊಂಡೇ ಇದ್ದಾರಂತೆ.

ದುರ್ಗದವನು
ಹಲ್ಲಕ್ಕ, ಆ ಜಿರ್ಕೋನಿಯಾದಲ್ಲಿ ಒಂದು ಮಜಾ ಇದೆ. ಸೆರಾಮಿಕ್ ಅಂದರೆ ಬಿರುಕು ಶುರುವಾದರೆ ಮುಗೀತು, ಲೋಟ ಒಡೆದ ಹಾಗೆ. ಜಿರ್ಕೋನಿಯಾಕ್ಕೆ ಸ್ವಲ್ಪ ಇಟ್ರಿಯಾ (ಇನ್ನೊಂದು ಆಕ್ಸೈಡ್) ಬೆರೆಸಿದರೆ ಅದರ ಹರಳುಗಳು ಸ್ಪ್ರಿಂಗ್ ಅದುಮಿ ಇಟ್ಟಂತೆ ಕೂತಿರುತ್ತವೆ. ಬಿರುಕಿನ ತುದಿ ಹತ್ತಿರ ಬಂದರೆ ಅಲ್ಲಿನ ಹರಳು ರೂಪ ಬದಲಿಸಿ ಶೇಕಡಾ 4ರಷ್ಟು ಊದಿಕೊಳ್ಳುತ್ತೆ. ಊದಿ ಬಿರುಕಿನ ಬಾಯಿಯನ್ನೇ ಅದುಮಿ ಮುಚ್ಚುತ್ತೆ. 1975ರಲ್ಲಿ ಆಸ್ಟ್ರೇಲಿಯಾದ ಮೂವರು ಜಿರ್ಕೋನಿಯಾದ ಈ ಗುಣದ ಬಗ್ಗೆ ಬರೆದಾಗ "ಸೆರಾಮಿಕ್ ಉಕ್ಕೇ?" ಅಂತ ಪ್ರಶ್ನೆ ಚಿಹ್ನೆ ಹಾಕಿಯೇ ಶೀರ್ಷಿಕೆ ಕೊಟ್ಟಿದ್ದರು. ನೀವು ಚಕ್ಕುಲಿ ಕಡಿಯುವ ಪೇಷಂಟ್‌ಗೆ ಧೈರ್ಯವಾಗಿ ಅದನ್ನೇ ಕೂರಿಸುವುದು ಈ ಗುಣ ನಂಬಿ.

ಬೋರ್ ಲಾರಿ
ಹಿರಿಯೂರು ಕಡೆಯವನು. ಬೋರ್ ಕೊರೆಯುವ ಬಿಟ್ ಮೇಲೆ ಬಟನ್ ಇರುತ್ತಲ್ಲ, ಅದೂ ಪುಡಿಯಿಂದಲೇ ಅಂತ ಯಾರೋ ಹೇಳಿದ್ದರು. ಹೌದಾ? ದುರ್ಗದ ಕಲ್ಲಿನಲ್ಲಿ ಅವನ್ನು ಬಡಿಸಿ ಬಡಿಸಿ ನಮಗೆ ಸಾಕಾಗಿದೆ.

ಹರಿಹರದ ಟರ್ನರ್
ಹೌದಪ್ಪ. ಟಂಗ್‌ಸ್ಟನ್ ಕಾರ್ಬೈಡ್ ಪುಡಿ, ಜೊತೆಗೆ ಕೋಬಾಲ್ಟ್ ಪುಡಿ. ಒತ್ತಿ 1400 ಡಿಗ್ರಿ ಹತ್ತಿರ ಸುಟ್ಟರೆ ಕೋಬಾಲ್ಟ್ ಕರಗಿ ಗಾರೆ ಥರ ಎಲ್ಲವನ್ನೂ ಹಿಡಿಯುತ್ತೆ. ಕಾರ್ಬೈಡ್ ಕರಗಲ್ಲ. ಲೇತ್ ಮೇಲೆ ನಾವು "ವಿಡಿಯಾ ಟೂಲ್ ಹಾಕು" ಅಂತೀವಲ್ಲ, ಅದೂ ಇದೇ. ವಿಡಿಯಾ ಅಂದರೆ ಜರ್ಮನ್ ಮಾತಿನಲ್ಲಿ "ವಜ್ರದ ಹಾಗೆ" ಅನ್ನುವುದರ ಚುಟುಕು. ಕ್ರುಪ್ ಕಂಪನಿ 1926ರಲ್ಲಿ ಇಟ್ಟ ಹೆಸರು. ಬೆಂಗಳೂರಿನ ತುಮಕೂರು ರಸ್ತೆಯಲ್ಲೂ ಅದೇ ಹೆಸರಿನ ಕಾರ್ಖಾನೆ ಬಂತು, ಈಗ ಕೆನಾಮೆಟಲ್ ಅಂತಾರೆ. ಹರಿಹರದಲ್ಲಿ ಕಿರ್ಲೋಸ್ಕರ್ ಲೇತ್ ಮೇಲೆ ಕಲಿತ ನಮ್ಮ ಕಾಲದವರು ಯಾವ ಕಂಪನಿಯ ಕಾರ್ಬೈಡ್ ಆದರೂ ವಿಡಿಯಾ ಅಂತಲೇ ಕರೆಯೋದು, ಯಾವ ವನಸ್ಪತಿ ಆದರೂ ಡಾಲ್ಡಾ ಅನ್ನೋ ಹಾಗೆ.

ಬೋರ್ ಲಾರಿ
ಹಾಗಾದರೆ ಸವೆದ ಬಿಟ್ ಗುಜರಿಗೆ ಹಾಕುವಾಗ ಬಟನ್ ಬೇರೆ ಕೀಳಬೇಕು ಅನ್ನಿ.

ಹರಿಹರದ ಟರ್ನರ್
ಇನ್ನೂ ಕಬ್ಬಿಣದ ರೇಟಿಗೇ ಕೊಡ್ತಿದ್ದೀಯಾ? ಗುಜರಿಯವನು ನಿನ್ನನ್ನು ನೋಡಿದರೆ ಟೀ ಕೊಡಿಸಬೇಕು.

ಭತ್ತದ ಮಿಲ್
ನಮ್ಮದು ಸಣ್ಣ ರೈಸ್ ಮಿಲ್. ಹೊಟ್ಟಿನ ಬೂದಿ ರಾಶಿ ಬಿದ್ದಿದೆ. ಅದರಿಂದ ಸಿಲಿಕಾನ್ ಕಾರ್ಬೈಡ್ ಮಾಡಬಹುದು, ಕೋಟಿ ಕೋಟಿ ದುಡಿಯಬಹುದು ಅಂತ ಒಬ್ಬರು ಪ್ರಾಜೆಕ್ಟ್ ರಿಪೋರ್ಟ್ ಹಿಡಿದುಕೊಂಡು ಬಂದಿದ್ದಾರೆ. ನಂಬಬಹುದಾ?

ದುರ್ಗದವನು
ವಿಜ್ಞಾನ ನಿಜ, ಕೋಟಿಯ ಮಾತಿಗೆ ನಾನು ಜವಾಬ್ದಾರನಲ್ಲ. ಭತ್ತದ ತೂಕದಲ್ಲಿ ಐದನೇ ಒಂದು ಪಾಲು ಹೊಟ್ಟು. ಹೊಟ್ಟು ಸುಟ್ಟರೆ ಅದರಲ್ಲೂ ಹತ್ತಿರಹತ್ತಿರ ಐದನೇ ಒಂದು ಪಾಲು ಬೂದಿ. ಅಂದರೆ 1 ಟನ್ ಭತ್ತಕ್ಕೆ 40 ಕೆಜಿ ಆಸುಪಾಸು. ಬೂದಿಯಲ್ಲಿ ಶೇಕಡಾ 85ರಿಂದ 95 ಸಿಲಿಕಾ. ಹೊಟ್ಟಿನಲ್ಲಿ ಸಿಲಿಕಾ, ಇಂಗಾಲ ಎರಡೂ ಒಟ್ಟಿಗೇ ಹೆಣೆದುಕೊಂಡಿರುವುದರಿಂದ ಗಾಳಿ ಇಲ್ಲದೆ 1500 ಡಿಗ್ರಿ ಹತ್ತಿರ ಕಾಯಿಸಿದರೆ ಸಿಲಿಕಾನ್ ಕಾರ್ಬೈಡ್ ಬರುತ್ತೆ. ಅಮೆರಿಕದ ಯೂಟಾ ವಿಶ್ವವಿದ್ಯಾಲಯದವರು 1970ರ ದಶಕದಲ್ಲೇ ಮಾಡಿ ತೋರಿಸಿದ್ದಾರೆ. ಆದರೆ ನಿಮ್ಮ ರಾಶಿಯಲ್ಲಿರುವುದು ಬಾಯ್ಲರಿನಲ್ಲಿ ಉರಿದ ಬೂದಿ. ಇಂಗಾಲ ಬಹುಪಾಲು ಹೋಗಿಯಾಗಿದೆ. ಮೇಲೆ ಕರೆಂಟ್ ಬಿಲ್ ಯಾರು ಕಟ್ಟುತ್ತಾರೆ? ಉಕ್ಕಿನ ಕಾರ್ಖಾನೆಯವರು ಕರಗಿದ ಉಕ್ಕಿನ ಮೇಲೆ ಹೊದಿಕೆಗೆ ಈ ಬೂದಿ ಕೊಳ್ಳುತ್ತಾರೆ, ಮೊದಲು ಆ ಕಡೆ ವಿಚಾರಿಸಿ.

ಇನ್ನೊಂದು. ಜೋರು ಉರಿಯಲ್ಲಿ ಬೆಂದ ಬೂದಿಯ ಸಿಲಿಕಾ ಹರಳುಗಟ್ಟಿರುತ್ತೆ. ಅದರ ಧೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ರಾಶಿ ಮಗುಚುವ ಆಳುಗಳಿಗೆ ಟವೆಲ್ ಸಾಲದು, ಸರಿಯಾದ ಮಾಸ್ಕ್ ಕೊಡಿಸಿ.

ಬೂದಿ ಅಂದಾಗ ನನ್ನದೊಂದು ಹೊಟ್ಟೆಯುರಿ ಹೇಳಿಬಿಡುತ್ತೇನೆ. ನಮ್ಮ ಕಡೆ ಕಾಲೇಜುಗಳಲ್ಲಿ ಅಲ್ಯೂಮಿನಿಯಂ ಕರಗಿಸಿ ಅದಕ್ಕೆ ಏನಾದರೂ ಬೂದಿ ಬೆರೆಸುವುದೇ ಸಂಶೋಧನೆ ಆಗಿಬಿಟ್ಟಿದೆ. ಈ ವರ್ಷ ಭತ್ತದ ಹೊಟ್ಟು, ಮುಂದಿನ ವರ್ಷ ತೆಂಗಿನ ಚಿಪ್ಪು, ಆಮೇಲೆ ಹುಣಸೆ ಬೀಜ. ಗಡಸುತನ ಇಷ್ಟು ಏರಿತು ಅಂತ ಒಂದು ಗ್ರಾಫ್. ಒಳಗೆ ಎಷ್ಟು ಗಾಳಿಗುಳ್ಳೆ ಇದೆ ಅಂತ ಅಳೆದವರು ಕಡಿಮೆ. ಈ ಹುಡುಗ ನನ್ನ ಬಿಲ್ಲೆ ಯಾಕೆ ಸೀಳಿತು ಅಂತ ಕೇಳುತ್ತಿದ್ದಾನಲ್ಲ, ನನಗೆ ಅದೇ ದೊಡ್ಡ ಸಂಶೋಧನೆ ಥರ ಕಾಣುತ್ತೆ.

ಪಿ.ಜೆ. ಬಡಾವಣೆ ಇಂಜಿನಿಯರ್
ಅದು ಸರಿ. ಆದರೆ ಇದನ್ನು ಕಲಿತು ಊರಲ್ಲಿ ಏನು ಕೆಲಸ ಸಿಗುತ್ತೆ ಸರ್?

ದುರ್ಗದವನು
ಊರಲ್ಲಿ ಕಷ್ಟ, ಸುಳ್ಳು ಹೇಳಲ್ಲ. ಹೈದರಾಬಾದಿನಲ್ಲಿ ಎಆರ್‌ಸಿಐ ಅನ್ನುವ ಸಂಶೋಧನಾ ಕೇಂದ್ರ ಇದೆ, ಅದರ ಹೆಸರಿನಲ್ಲೇ ಪೌಡರ್ ಮೆಟಲರ್ಜಿ ಇದೆ. ಅಲ್ಲೇ ಇರುವ, ಅಣು ಇಂಧನ ಮಾಡುವ ಎನ್‌ಎಫ್‌ಸಿಯಲ್ಲಿ ಯುರೇನಿಯಂ ಆಕ್ಸೈಡ್ ಪುಡಿ ಒತ್ತಿ, ಹೈಡ್ರೋಜನ್ ತುಂಬಿದ ಭಟ್ಟಿಯಲ್ಲಿ 1700 ಡಿಗ್ರಿ ಹತ್ತಿರ ಸುಡುತ್ತಾರೆ. ನಮ್ಮ ಕೈಗಾ ನಡೆಯುವುದೂ ಬಿಲ್ಲೆಯಿಂದಲೇ. ಬೈಕಿನ ಆಯಿಲ್ ಪಂಪ್ ರೋಟರ್, ಶಾಕ್ ಅಬ್ಸಾರ್ಬರ್ ಪಿಸ್ಟನ್ ಎಲ್ಲ ಪುಡಿ ಒತ್ತಿದ ಮಾಲು. ಕೆಲಸ ಇದೆ, ಬಸ್ ಹತ್ತಬೇಕು.

ಸಂಶೋಧನೆ ಕಡೆ ಈಗ ಎಲ್ಲರ ಕಣ್ಣು ಭಟ್ಟಿಯ ಶಾಖ ಮತ್ತು ಹೊತ್ತು ಎರಡನ್ನೂ ಇಳಿಸುವುದರ ಮೇಲೆ. 2010ರಲ್ಲಿ ಅಮೆರಿಕದ ಕೊಲೊರಾಡೊದಲ್ಲಿ ರಿಷಿ ರಾಜ್ ಅವರ ತಂಡ ಜಿರ್ಕೋನಿಯಾಕ್ಕೆ ಕರೆಂಟ್ ಹಾಯಿಸಿ 850 ಡಿಗ್ರಿಯಲ್ಲಿ 5 ಸೆಕೆಂಡಿನೊಳಗೆ ಸಿಂಟರ್ ಮಾಡಿತು, ಅಂದರೆ ಪುಡಿಯ ಕಣಗಳನ್ನು ಬೆಸೆದು ಗಟ್ಟಿ ಮಾಡಿತು. ಫ್ಲ್ಯಾಶ್ ಸಿಂಟರಿಂಗ್ ಅಂತಾರೆ.

ಹಲ್ಲಕ್ಕ
5 ಸೆಕೆಂಡಾ! ನಾನು ರಾತ್ರಿಯಿಡೀ ಭಟ್ಟಿ ಕಾಯುತ್ತೇನೆ. ಕರೆಂಟ್ ಹೋದರೆ ನಿದ್ದೆಯೇ ಇಲ್ಲ.

ಬಿಲ್ಲೆಹುಡುಗ
ಎಲ್ಲರೂ ಕೇಳಿ. ನಾಲ್ಕು ಹೊಸ ಬಿಲ್ಲೆ ಒತ್ತಿದೆ, ಮೊದಲಿನ ಹಾಗೆಯೇ 10 ಟನ್. ಚುಕ್ಕೆ ಇಟ್ಟೆ. ಸೀಮೆಎಣ್ಣೆ ಅಮ್ಮನ ಹಳೇ ಸ್ಟೌ ಪಕ್ಕದ ಬಾಟಲಿಯಲ್ಲಿ ತಳದಲ್ಲಿ ಒಂದಿಷ್ಟಿತ್ತು. ಹತ್ತಿಯಲ್ಲಿ ಸವರಿ ಹಾಸ್ಟೆಲ್ ಟೆರೇಸ್ ಮೇಲೆ ಕೂತೆ. ಮೊದಲು ಬಿಲ್ಲೆ ಪೂರ್ತಿ ಬೂದು ಬಣ್ಣ. ನಿಧಾನಕ್ಕೆ ಅಂಚಿನಿಂದ ಬಿಳಿ ಆಗುತ್ತಾ ಬಂತು. ಮೂರರಲ್ಲಿ ಚುಕ್ಕೆ ಇದ್ದ ಮುಖದಿಂದ 1 ಎಂಎಂ ಕೆಳಗೆ ಸುತ್ತಲೂ ದಾರ ಕಟ್ಟಿದ ಹಾಗೆ ಕಪ್ಪು ಗೆರೆ ಉಳಿಯಿತು. ಇನ್ನೊಂದರಲ್ಲಿ ಅರ್ಧ ಸುತ್ತು. ಸುಡದೆ ಇರುವ ಬಿಲ್ಲೆ ಇವು! ಫೋಟೊ ತೆಗೆದು ಗೈಡ್‌ಗೆ ಕಳಿಸಿದೆ. "ಹ್ಞೂಂ" ಅಂತ ಒಂದೇ ಅಕ್ಷರ ಬಂತು.

ಭಟ್ಟಿಯವರಿಗೆ ಮನಸ್ಸಲ್ಲೇ ಬೈದಿದ್ದೆ. ಪಾಪ.

ಹರಿಹರದ ಟರ್ನರ್
ಈಗ ಡೈ ಸರಿ ಮಾಡಿಸು. ಬಾಯಿ ಕಡೆ 10 ಎಂಎಂ ಉದ್ದಕ್ಕೆ ಇಳಿಜಾರು, 20.00 ಇದ್ದದ್ದು ತುದಿಗೆ 20.10 ಆಗಲಿ, ಅಷ್ಟೇ. ಜಾಸ್ತಿ ಬೇಡ. ಅಂಚನ್ನು ಎಮರಿ ಪೇಪರ್‌ನಲ್ಲಿ ದುಂಡಗೆ ಮಾಡಿಸು. ಬೆರಳು ಸವರಿದರೆ ಕಚ್ಚಬಾರದು. ಬಿಲ್ಲೆ ತೆಗೆಯುವಾಗ ಕೆಳಗಿನ ಪಂಚ್ ತೆಗೆಯಬೇಡ. ಅದರ ಕೆಳಗೆ ಒಂದು ಸ್ಪ್ರಿಂಗ್ ಇಡು. ಎರಡೂ ಪಂಚ್ ನಡುವೆ ಬಿಲ್ಲೆ ಒತ್ತಿಕೊಂಡೇ ಹೊರಗೆ ಬರಲಿ, ಬಾಣಂತಿ ಮಗುವನ್ನು ಕೆಳಗೊಂದು ಕೈ ಮೇಲೊಂದು ಕೈ ಕೊಟ್ಟು ಎತ್ತಿದ ಹಾಗೆ.

ದುರ್ಗದವನು
ಒತ್ತಡ 3 ಟನ್. ಮತ್ತೆ ಪುಡಿ ನುಣ್ಣಗೆ ಅರೆಯಬೇಡ. ನುಣ್ಣನೆ ಹಿಟ್ಟು ಡೈಯಲ್ಲಿ ಸರಿಯಾಗಿ ಹರಿಯಲ್ಲ, ಗಾಳಿ ಸಿಕ್ಕಿಕೊಳ್ಳುತ್ತೆ. ಅಂಟು ಬೆರೆಸಿದ ಮೇಲೆ ಸ್ವಲ್ಪ ಹಸಿ ಇರುವಾಗಲೇ ಜರಡಿ ಮೇಲೆ ಉಜ್ಜಿ ಇಳಿಸು. ಚಿರೋಟಿ ರವೆ ಹದ ಬರಬೇಕು. ಚಿತ್ರದುರ್ಗದಲ್ಲಿ ನಮ್ಮ ಮನೆ ಹಿಂದೆ ಕುಂಬಾರರು ಕೆರೆ ಮಣ್ಣಿಗೆ ಮರಳು ಜರಡಿ ಹಿಡಿದು ಬೆರೆಸುತ್ತಿದ್ದರು. ಬರೀ ನುಣ್ಣನೆ ಮಣ್ಣಲ್ಲಿ ಮಾಡಿದ ಗಡಿಗೆ ಒಣಗುವಾಗಲೇ ಬಿರಿಯುತ್ತೆ ಅಂತ. ಕಾರಣ ಬೇರೆ, ಆದರೆ ಭಟ್ಟಿಗೆ ಮುಂಚೆಯೇ ಹುಷಾರಾಗಿರುವುದು ಅವರಿಗೂ ಗೊತ್ತಿತ್ತು.

ಬಿಲ್ಲೆಹುಡುಗ
ಮೂರು ವಾರ ಸುಮ್ನೆ ಇದ್ದೆ, ಈಗ ಹೇಳಲು ವಿಷಯ ಇದೆ. 12 ಬಿಲ್ಲೆ ಒತ್ತಿದೆ. ಟಕ್ ಸದ್ದು ಇಲ್ಲ. ಸೀಮೆಎಣ್ಣೆ ಪರೀಕ್ಷೆಯಲ್ಲಿ ಒಂದರಲ್ಲೂ ಗೆರೆ ಇಲ್ಲ. ಒಂದು ನನ್ನ ಕೈಯಿಂದಲೇ ಜಾರಿ ಬಿದ್ದು ಹೋಯಿತು. 11 ಅದೇ ಲ್ಯಾಬಿಗೆ, ಅದೇ ಪೇಡಾ ಡಬ್ಬದಲ್ಲಿ. 600 ಡಿಗ್ರಿ ತನಕ ನಿಮಿಷಕ್ಕೆ 1 ಡಿಗ್ರಿ ಅಂತ ಚೀಟಿ ಬರೆದುಕೊಟ್ಟೆ. 11 ಕೂಡ ಗಟ್ಟಿಯಾಗಿ ಬಂದವು. 20 ಎಂಎಂ ಇದ್ದದ್ದು 16.8ಕ್ಕೆ ಇಳಿದಿದೆ. ನೀರಲ್ಲಿ ಮುಳುಗಿಸಿ ತೂಗಿದರೆ ಸಾಂದ್ರತೆ 3.85, ಪೂರ್ತಿ ಗಟ್ಟಿ ಅಲ್ಯೂಮಿನಾ 3.98 ಇರುತ್ತೆ. ಮೂರಕ್ಕೆ ಅಂಚಿನಲ್ಲಿ ಸಣ್ಣ ಚಕ್ಕೆ ಹೋಗಿದೆ, ಅದು ಯಾಕೆ ಅಂತ ನೋಡಬೇಕು.

ಹಲ್ಲಕ್ಕ
ಟಣ್ ಅಂತಾ?

ಬಿಲ್ಲೆಹುಡುಗ
ಅಂತು ಅಕ್ಕಾ!

ಹರಿಹರದ ಟರ್ನರ್
ಡೈಗೆ ಇಳಿಜಾರು ಕೊಟ್ಟವನಿಗೆ ದುಡ್ಡು ಕೊಟ್ಟೆಯಾ?

ಬಿಲ್ಲೆಹುಡುಗ
ತಗೊಳ್ಳಲಿಲ್ಲ ಸರ್. ಒಂದು ಬಿಲ್ಲೆ ಕೊಡು ಅಂದರು. ಮೊದಲು ಅರ ಹಾಕಿ ಉಜ್ಜಿದರು, ಅರ ಜಾರಿತು. ಕಿಟಕಿ ಗಾಜಿನ ಮೇಲೆ ಗೀರಿದರು, ಗಾಜಿಗೆ ಗೀರು ಬಿತ್ತು. ನಿನ್ನೆ ಆ ಕಡೆ ಹೋದಾಗ ನೋಡಿದೆ, ಲೇತ್ ಪಕ್ಕದಲ್ಲಿ ಎಣ್ಣೆ ಬಟ್ಟೆ ಮೇಲೆ ಇಟ್ಟುಕೊಂಡು ಅದರಲ್ಲೇ ಟೂಲ್ ಮಸೆಯುತ್ತಿದ್ದರು.